ನೀರಿನ ಲೆಕ್ಕ ಬೇರೆ, ಹೂಳಿನ ಲೆಕ್ಕ ಬೇರೆ

ಚಿ. ಸುಮುಖನಿಗೆ,

ದೊಡ್ಡಮ್ಮನ ಆಶೀರ್ವಾದ. ಬಂಗಾಳದ ಮುರಿಗಂಗಾದಲ್ಲಿ ಹೂಳು ಅಳೆಯುವ ಕೆಲಸಕ್ಕೆ ನಿನ್ನನ್ನು ತೆಗೆದುಕೊಂಡರಂತೆ, ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಒಳ್ಳೆಯದಾಯಿತು. ಸೊಳ್ಳೆ ಪರದೆ, ಕುದಿಸಿದ ನೀರು ಇತ್ಯಾದಿ ಉಪದೇಶ ಅವಳ ಪಾಲಿಗಿರಲಿ, ನಾನು ಕೆಲಸದ ಮಾತಷ್ಟೇ ಬರೆಯುತ್ತೇನೆ.

ಉಬ್ಬರ ಇಳಿತದ ನದಿಯಲ್ಲಿ ನೀನು ಹುಡುಕುವುದು ಎರಡು ದೊಡ್ಡ ಮೊತ್ತಗಳ ನಡುವಿನ ಚಿಕ್ಕ ಉಳಿಕೆಯನ್ನು. ಉಬ್ಬರ ಒಂದು ಕವಲಿನೊಳಕ್ಕೆ 10,000 ಟನ್ ಹೂಳು ತಂದಿತು, ಇಳಿತ 9,600 ಟನ್ ಹೊರಗೊಯ್ದಿತು ಅಂದುಕೋ. ಉಳಿದದ್ದು 400. ನಿನ್ನ ಅಳತೆ ನೂರಕ್ಕೆ ಐದು ತಪ್ಪಿದರೂ ಸಾಕು, ಕವಲು ತುಂಬುತ್ತಿದೆಯೋ ಕೊರೆಯುತ್ತಿದೆಯೋ ಎನ್ನುವುದೇ ತಿರುಗುಮುರುಗಾಗುತ್ತದೆ. ಮುಂದೆ ಬರೆದಿರುವುದೆಲ್ಲ ಈ 400 ಟನ್ನನ್ನು ಉಳಿಸಿಕೊಳ್ಳುವ ದಾರಿ.

ನಮ್ಮ ಅಘನಾಶಿನಿ ಅಳಿವೆಯ ಅಂದಾಜು ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಅಮಾವಾಸ್ಯೆಯ ಉಬ್ಬರವೆಂದರೂ ಎರಡು ಮೀಟರಿನ ಆಸುಪಾಸು, ಅಲ್ಲಿ ಐದು. ಹೂಗ್ಲಿ ಕಾಕ್‌ದ್ವೀಪದ ಎದುರು ಎರಡಾಗುತ್ತದೆ. ಪಶ್ಚಿಮದ ದೊಡ್ಡ ಕವಲು ಹೂಗ್ಲಿಯೇ, ಪೂರ್ವದ ಕಿರಿದು ಮುರಿಗಂಗಾ. ನಡುವೆ ಸಾಗರ ದ್ವೀಪ. ಕವಲೊಡೆಯುವ ಜಾಗದಲ್ಲೇ ಘೋರಮಾರಾ ಎಂಬ ಪುಟ್ಟ ದ್ವೀಪವಿದೆ, ಅದು ದಶಕಗಳಿಂದ ಕೊರೆದುಹೋಗುತ್ತಿದೆ. ಒಂದು ಕಡೆ ಹೀಗೆ ಊರೇ ನೀರುಪಾಲಾಗುತ್ತಿದ್ದರೆ, ಕೆಲವೇ ಕಿಲೋಮೀಟರ್ ಆಚೆ ಲಾಟ್ ನಂಬರ್ 8ರಿಂದ ಕಚುಬೇರಿಯಾಕ್ಕೆ ಹೋಗುವ ಲಾಂಚು ಇಳಿತದ ಹೊತ್ತಿನಲ್ಲಿ ಹೂಳಿನಿಂದಾಗಿ ನಿಂತುಬಿಡುತ್ತದೆ. ಸಂಕ್ರಾಂತಿಗೆ ಗಂಗಾಸಾಗರಕ್ಕೆ ಹೋಗಿಬಂದವರನ್ನು ಕೇಳು, ಜೆಟ್ಟಿಯಲ್ಲಿ ಕಾದ ಕತೆ ಎಲ್ಲರ ಹತ್ತಿರವೂ ಇರುತ್ತದೆ.

ಹೂಳೆಲ್ಲ ಹಿಮಾಲಯದಿಂದ ಇಳಿದುಬಂದು ಸೀದಾ ಸಮುದ್ರ ಸೇರುತ್ತದೆ ಎಂದುಕೊಳ್ಳಬೇಡ. ಮಳೆಗಾಲ ಮುಗಿದ ಮೇಲೆ ಅದು ಕೆಳಗಿನಿಂದ ಮೇಲಕ್ಕೂ ಬರುತ್ತದೆ. ಉಬ್ಬರದ ಅಲೆಯ ನೆತ್ತಿ ಆಳ ನೀರಿನಲ್ಲಿ ಬೇಗ ಓಡುತ್ತದೆ, ಎರಡು ನೆತ್ತಿಗಳ ನಡುವಿನ ತಗ್ಗು ತೆಳು ನೀರಿನಲ್ಲಿ ತಳಕ್ಕೆ ಉಜ್ಜಿ ಹಿಂದೆ ಬೀಳುತ್ತದೆ. ಹಾಗಾಗಿ ಮೇಲಕ್ಕೆ ಹೋದಷ್ಟೂ ಏರುವ ಹೊತ್ತು ಕುಗ್ಗಿ ಇಳಿಯುವ ಹೊತ್ತು ಹಿಗ್ಗುತ್ತದೆ. ಕೋಲ್ಕತ್ತದ ಹತ್ತಿರ ಉಬ್ಬರ ಸುಮಾರು ನಾಲ್ಕು ಗಂಟೆ, ಇಳಿತ ಸುಮಾರು ಎಂಟು. ಅಷ್ಟೇ ನೀರು ಅರ್ಧ ಹೊತ್ತಿನಲ್ಲಿ ಒಳಬರಬೇಕಾದರೆ ವೇಗ ಎರಡು ಪಟ್ಟು ಬೇಕು. ಹೂಳು ಸಾಗುವುದು ವೇಗದ ಮೂರನೇ ಘಾತಕ್ಕೆ ತಕ್ಕಂತೆ ಎಂದು ಇಟ್ಟುಕೊಂಡರೆ ಎಂಟು ಪಟ್ಟು ಹೂಳು, ಅರ್ಧ ಹೊತ್ತು. ಒಟ್ಟಿನಲ್ಲಿ ಒಳಬರುವುದು ಹೊರಹೋಗುವುದರ ನಾಲ್ಕು ಪಟ್ಟು! ನೀರಿನ ನಿವ್ವಳ ಸೊನ್ನೆ, ಹೂಳಿನದು ಸೊನ್ನೆಯಲ್ಲ. ಮಳೆಗಾಲದಲ್ಲಿ ಮೇಲಿನ ಹರಿವು ಜೋರಾದಾಗ ಇದು ಮಗುಚಿಕೊಳ್ಳುತ್ತದೆ. ಆದ್ದರಿಂದ ಬೇಸಿಗೆ, ಮಳೆಗಾಲ ಎರಡರಲ್ಲೂ, ಪ್ರತಿಯೊಂದರಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಒಮ್ಮೆ, ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಇನ್ನೊಮ್ಮೆ, ಹೀಗೆ ನಾಲ್ಕು ಅಳತೆಗಳಿಗಿಂತ ಕಡಿಮೆಗೆ ಒಪ್ಪಬೇಡ.

ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಬ್ಯಾರೇಜನ್ನು 1975ರಲ್ಲಿ ಚಾಲೂ ಮಾಡಿದ್ದು 40,000 ಕ್ಯೂಸೆಕ್ ನೀರು ಬಿಟ್ಟು ಹೂಗ್ಲಿಯ ಹೂಳು ತೊಳೆಯುವುದಕ್ಕೆ. ಅದು ಸೆಕೆಂಡಿಗೆ 1,130 ಘನ ಮೀಟರಿನಷ್ಟು. ಮೇಲಿನ ಭಾಗಕ್ಕೆ ಅದರಿಂದ ಉಪಕಾರವಾಗಿದೆ. ಅಳಿವೆಯ ಹತ್ತಿರ ಉಬ್ಬರ ಇಳಿತ ಆಡಿಸುವ ನೀರು ಅದರ ಎಷ್ಟೋ ಪಟ್ಟು, ಹಾಗಾಗಿ ಹಲ್ದಿಯಾ ಬಂದರಿನಲ್ಲಿ ಹೂಳೆತ್ತುವ ಖರ್ಚು ನಿಂತಿಲ್ಲ. ನಿಲ್ಲುವ ಲಕ್ಷಣ ನನಗಂತೂ ಕಾಣುವುದಿಲ್ಲ.

ಈಗ ಕವಲಿನ ವಿಷಯ. ನೀರು 70-30ರಂತೆ ಹಂಚಿಕೊಂಡರೆ ಹೂಳೂ ಹಾಗೇ ಹಂಚಿಕೊಂಡೀತು ಎನ್ನುವುದು ತುಂಬ ಜನರ ಎಣಿಕೆ. ನಯವಾದ ಕೆಸರಿಗೆ ಅದು ಹೆಚ್ಚುಕಡಿಮೆ ಸರಿ, ಮರಳಿಗೆ ಅಲ್ಲವೇ ಅಲ್ಲ. 10 ಮೈಕ್ರಾನಿನ, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿನ, ಬಿಡಿ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ 0.09 ಮಿ.ಮೀ. ಇಳಿಯುತ್ತದೆ. ಹತ್ತು ಮೀಟರ್ ಇಳಿಯಲು 30 ಗಂಟೆ ದಾಟುತ್ತದೆ, ಅಷ್ಟರೊಳಗೆ ಎರಡು ಉಬ್ಬರ ಬಂದುಹೋಗಿರುತ್ತವೆ. 100 ಮೈಕ್ರಾನಿನದು ಸೆಕೆಂಡಿಗೆ 8 ಮಿ.ಮೀ., ಇಪ್ಪತ್ತು ನಿಮಿಷದಲ್ಲಿ ತಳ ಸೇರುತ್ತದೆ. ದಪ್ಪ ಕಣ ತಳದ ಹತ್ತಿರವೇ ಓಡಾಡುತ್ತದೆ ಎಂದಾಯಿತು. ತಳದ ನೀರು ನಿಧಾನದ್ದು, ಪಕ್ಕದ ಕವಲಿಗೆ ಸುಲಭವಾಗಿ ತಿರುಗುತ್ತದೆ. ಮೇಲಿನ ನೀರು ರಭಸದಲ್ಲಿ ಮುಂದಕ್ಕೇ ಹೋಗುತ್ತದೆ. ಬುಲ್ಲೆ ಎಂಬ ಜರ್ಮನ್ ಎಂಜಿನಿಯರ್ 1926ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದು ಇದನ್ನು: ಪಕ್ಕದ ಕಾಲುವೆಗೆ ತಿರುಗಿದ್ದು ನೀರಿನ ಒಂದು ಪಾಲು, ತಳದ ಮರಳಿನಲ್ಲಿ ಮಾತ್ರ ಬಹುಪಾಲು. ಸಣ್ಣ ಕವಲುಗಳು ಬಾಯಲ್ಲೇ ಕಟ್ಟಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಅಳಿವೆಯಲ್ಲಿ ಇನ್ನೊಂದು ತೊಡಕಿದೆ. ಉಪ್ಪು ತಾಗಿದೊಡನೆ ಜೇಡಿಯ ಕಣಗಳು ಹಾಲು ಒಡೆದ ಹಾಗೆ ಗಸಿಗಟ್ಟಿ ಬೇಗ ಇಳಿಯತೊಡಗುತ್ತವೆ, ಹರಿವು ಜೋರಾದರೆ ಮತ್ತೆ ಒಡೆಯುತ್ತವೆ. ಪ್ರಯೋಗಾಲಯದಲ್ಲಿ ಸೋಸಿ ಬಿಡಿಸಿದ ಕಣದ ಗಾತ್ರವನ್ನು ನದಿಯಲ್ಲಿ ಇಳಿಯುವ ವೇಗಕ್ಕೆ ಆಧಾರ ಮಾಡಿಕೊಂಡರೆ ಲೆಕ್ಕ ಹತ್ತು ಪಟ್ಟು ತಪ್ಪಬಹುದು.

ಮುರಿಗಂಗಾದ ಎರಡೂ ತುದಿ ತೆರೆದಿದೆ ಎನ್ನುವುದನ್ನು ಮರೆಯಬೇಡ. ಉಬ್ಬರ ಎರಡೂ ಕವಲುಗಳಿಂದ ಏರಿ ಕಾಕ್‌ದ್ವೀಪದ ಮೇಲೆ ಸೇರುತ್ತದೆ. ಒಂದು ಕವಲಿನ ಆಳ 10 ಮೀಟರ್, ಇನ್ನೊಂದರದು 5 ಇದ್ದರೆ 30 ಕಿ.ಮೀ. ದಾರಿಗೆ ಒಂದರಲ್ಲಿ 50 ನಿಮಿಷ, ಇನ್ನೊಂದರಲ್ಲಿ 70. ಆ ಇಪ್ಪತ್ತು ನಿಮಿಷ ಒಂದು ಕವಲಿನ ಬಗ್ಗಡ ನೀರು ಸಂಗಮದಲ್ಲಿ ಹೊರಳಿ ಇನ್ನೊಂದಕ್ಕೆ ಇಳಿಯಬಹುದು. ದಿನಕ್ಕೆರಡು ಸಲ ಹೀಗಾದರೆ ಹೂಳು ದ್ವೀಪವನ್ನೇ ಸುತ್ತುತ್ತಿರುತ್ತದೆ, ಮೇಲಿನ ನದಿಯಲ್ಲಿ ಎಷ್ಟು ಅಳೆದರೂ ಇದು ಕಾಣುವುದಿಲ್ಲ. ಆದ್ದರಿಂದ ಮೇಲಿನ ನದಿ, ಎರಡು ಕವಲು, ಹೀಗೆ ಮೂರು ಬದಿಯನ್ನೂ ಒಟ್ಟಿಗೆ ಅಳೆಯಬೇಕು. ಒಂದೇ ದೋಣಿಯಲ್ಲಿ ಸುತ್ತುತ್ತೇವೆ ಎಂದರೆ ಒಪ್ಪಬೇಡ. ಕಚುಬೇರಿಯಾದ ಹತ್ತಿರ ಮುರಿಗಂಗಾ ಮೂರು ಕಿಲೋಮೀಟರಿಗೂ ಹೆಚ್ಚು ಅಗಲ, ಸೆಕೆಂಡಿಗೆ ಎರಡು ಮೀಟರಿನಂತೆ ದಾಟಲೇ 25 ನಿಮಿಷ ಬೇಕು. ಮೂರು ದೋಣಿ ಬೇಕು, 13 ಗಂಟೆ ಬಿಡದೆ.

ಶಬ್ದದ ಅಲೆ ಬಿಟ್ಟು ನೀರಿನ ವೇಗ ಅಳೆಯುವ ಎಡಿಸಿಪಿ ಸಲಕರಣೆಯನ್ನು ದೇವರೆಂದು ನಂಬುವ ಹುಡುಗರು ಈಗ ಬಹಳ. ಇಪ್ಪತ್ತು ಡಿಗ್ರಿ ಓರೆಯ ಕಿರಣದ್ದಾದರೆ ತಳದ ನೂರಕ್ಕೆ ಆರು ಪಾಲು ಅದಕ್ಕೆ ಕಾಣುವುದೇ ಇಲ್ಲ. ಹತ್ತು ಮೀಟರ್ ಆಳದಲ್ಲಿ ಅದು ಕೆಳಗಿನ 60 ಸೆಂ.ಮೀ., ಮರಳು ಓಡುವ ಜಾಗವೂ ಅದೇ. ತಳವೇ ಚಲಿಸುತ್ತಿದ್ದಾಗ ದೋಣಿಯ ವೇಗವನ್ನು ತಳದಿಂದ ಲೆಕ್ಕ ಹಾಕಿದರೆ ನೀರಿನ ವೇಗ ಕಡಿಮೆ ಬರುತ್ತದೆ. ಲಂಗರು ಹಾಕಿ ಹತ್ತು ನಿಮಿಷ ನಿಂತು ನೋಡು. ದೋಣಿ ಹರಿವಿಗೆ ಎದುರಾಗಿ ಸಾಗಿದಂತೆ ಪರದೆ ತೋರಿಸಿದರೆ ಜಿಪಿಎಸ್ ಆಧಾರಕ್ಕೆ ಬದಲಿಸು. ಬೆಳಕು ಬಿಟ್ಟು ನೀರಿನ ಬಗ್ಗಡ ಅಳೆಯುವ ಟರ್ಬಿಡಿಟಿ ಸೆನ್ಸರು ಬೇರೆ ರೀತಿ ಮೋಸ ಮಾಡುತ್ತದೆ. ಒಂದೇ ತೂಕದ ಹೂಳಿದ್ದರೂ ನಯದ್ದಕ್ಕೆ ಹೆಚ್ಚು ತೋರಿಸುತ್ತದೆ, ಮರಳಿಗೆ ಕಡಿಮೆ. ಕೆಸರು ತೀರಾ ಗಟ್ಟಿಯಾದರೆ ಬೆಳಕು ಹಿಂದಿರುಗದೆ ಅಂಕಿ ಇಳಿದುಬಿಡುತ್ತದೆ, ನೋಡಿದವರು ನೀರು ತಿಳಿಯಾಯಿತು ಎಂದು ಬರೆದುಕೊಳ್ಳುತ್ತಾರೆ. ದಿನದಿಂದ ದಿನಕ್ಕೆ ಅಂಕಿ ನಯವಾಗಿ ಏರುತ್ತಿದ್ದರೆ ಗಾಜಿಗೆ ಪಾಚಿ ಹಿಡಿದಿದೆ ಎಂದು ತಿಳಿ.

ಕೊನೆಗೂ ನಂಬಬಹುದಾದ್ದು ಬಾಟಲಿಯ ನೀರು, ಅದೂ ಸರಿಯಾಗಿ ಸೋಸಿದರೆ. ಮೇಲೆ, ನಡುವೆ, ತಳದಿಂದ ಅರ್ಧ ಮೀಟರ್ ಮೇಲೆ, ಹೀಗೆ ಮೂರು ಆಳದಲ್ಲಿ ತೆಗೆ. ದೊಡ್ಡ ಬಾಟಲಿಯಿಂದ ಸ್ವಲ್ಪ ಬಗ್ಗಿಸಿ ಸೋಸಬೇಡ, ಮರಳು ಅಡಿಯಲ್ಲೇ ಉಳಿಯುತ್ತದೆ. 250 ಮಿ.ಲೀ. ಬಾಟಲಿ ತುಂಬಿ ಇಡೀ ಬಾಟಲಿಯನ್ನು ಸೋಸು, ಒಳಗೋಡೆಯನ್ನೂ ತೊಳೆದು ಹಾಕು. ಮೊದಲು 63 ಮೈಕ್ರಾನ್ ಜರಡಿ ಹಿಡಿದರೆ ಮರಳು, ಕೆಸರು ಬೇರೆಬೇರೆ ಸಿಗುತ್ತವೆ. ಆಮೇಲೆ ಉಪ್ಪು. ಲೀಟರಿಗೆ 20 ಗ್ರಾಂ ಉಪ್ಪಿನ ನೀರು ಫಿಲ್ಟರಿನಲ್ಲಿ ಒಂದೇ ಒಂದು ಮಿ.ಲೀ. ಉಳಿದರೂ 20 ಮಿಲಿಗ್ರಾಂ ಉಪ್ಪು. ಲೀಟರಿಗೆ 200 ಮಿ.ಗ್ರಾಂ ಹೂಳಿರುವ ಆ ಬಾಟಲಿಯಲ್ಲಿ ಹೂಳು ಇರುವುದೇ 50 ಮಿಲಿಗ್ರಾಂ. ಆದ್ದರಿಂದ ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ, ಅಂಚನ್ನೂ ಬಿಡದೆ, ತೊಳೆ. 105 ಡಿಗ್ರಿಯಲ್ಲಿ ಒಣಗಿಸಿ, ತೇವ ತಾಗದ ಡೆಸಿಕೇಟರ್ ಡಬ್ಬಿಯಲ್ಲಿ ಆರಿಸಿಯೇ ತೂಗು. ಪ್ರತಿ ಕಂತಿನಲ್ಲೂ ಎರಡು ಖಾಲಿ ಫಿಲ್ಟರುಗಳಿಗೂ ಇದೇ ಉಪಚಾರ ಮಾಡು, ಅವು ತೂಕ ಕಳೆದುಕೊಳ್ಳುತ್ತವೋ ಗಳಿಸುತ್ತವೋ ಗೊತ್ತಾಗಲಿ.

ಇನ್ನು ಗಡಿಯಾರ. ಇದನ್ನು ಸಣ್ಣ ವಿಷಯವೆಂದು ಎಲ್ಲರೂ ಬಿಡುತ್ತಾರೆ. ನೀರು ತಿರುಗುವ ಹೊತ್ತಿನಲ್ಲಿ ಹೂಳು ತಟಕ್ಕನೆ ಇಳಿಯುವುದಿಲ್ಲ, ಹರಿವು ಶುರುವಾದೊಡನೆ ಏಳುವುದೂ ಇಲ್ಲ. ಆ ತಡದಲ್ಲೇ ನಿನ್ನ 400 ಟನ್ನಿನ ಒಂದು ಪಾಲು ಅಡಗಿದೆ. ವೇಗ ಅಳೆಯುವ ಸಲಕರಣೆಗೂ ಹೂಳು ಅಳೆಯುವ ಸೆನ್ಸರಿಗೂ ಹತ್ತು ಹದಿನೈದು ನಿಮಿಷದ ಅಂತರ ಬಿದ್ದರೆ ತಡವಿಲ್ಲದಲ್ಲಿ ತಡ ಹುಟ್ಟುತ್ತದೆ, ಇದ್ದದ್ದು ಅಳಿಸಿಹೋಗುತ್ತದೆ. ಜಿಪಿಎಸ್ ದಾಖಲಿಸುವುದು ಗ್ರೀನಿಚ್ ಕಾಲ, ನಿನ್ನ ಲ್ಯಾಪ್‌ಟಾಪ್ ಭಾರತದ ಕಾಲ, ಐದೂವರೆ ಗಂಟೆ ವ್ಯತ್ಯಾಸ. ಹೊರಡುವ ಹಿಂದಿನ ಸಂಜೆ ಮೂರೂ ದೋಣಿಯ ಸಲಕರಣೆಗಳನ್ನು ಒಂದೇ ಜಿಪಿಎಸ್‌ಗೆ ಕೂಡಿಸು, ಅಳತೆ ಮುಗಿದ ಮೇಲೆ ಪ್ರತಿಯೊಂದೂ ಎಷ್ಟು ಸೆಕೆಂಡು ಜಾರಿದೆ ಎಂದು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆ. ಪೆನ್ನಿನ ಶಾಯಿ ಅಲ್ಲಿನ ತೇವಕ್ಕೆ ಹರಡುತ್ತದೆ.

ಇಂತಿ ನಿನ್ನ,
ದೊಡ್ಡಮ್ಮ