ನಮ್ಮ ಟೂಟಿ ಫ್ರೂಟಿಗೆ ಇನ್ನು ಬಣ್ಣ ಹಾಕುವುದಿಲ್ಲ: ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿನಿಂದ ನಿಮ್ಮ ಕೈ ಸೇರುವ ಟೂಟಿ ಫ್ರೂಟಿ ಪ್ಯಾಕೆಟ್‌ನಲ್ಲಿ ಕೆಂಪು, ಹಸಿರು, ಹಳದಿ ಹೋಳುಗಳು ಇರುವುದಿಲ್ಲ. ಎಲ್ಲ ಹೋಳೂ ಒಂದೇ ಬಣ್ಣ, ತಿಳಿ ಜೇನಿನ ಬಣ್ಣ. ಪ್ಯಾಕೆಟ್ ಬಿಚ್ಚಿದ ಕೂಡಲೇ "ಇದೇನು, ಬೇರೆ ಯಾವುದೋ ಬಂತಲ್ಲ" ಅಂತ ನಿಮಗೆ ಅನ್ನಿಸಬಾರದು. ಅದಕ್ಕೇ ಮೊದಲೇ ಬರೆಯುತ್ತಿದ್ದೇವೆ. ತೂಕ ಅಷ್ಟೇ, ಬೆಲೆಯೂ ಅಷ್ಟೇ. ಒಳಗಿರುವುದು ಮೊದಲಿನದೇ ಪರಂಗಿಕಾಯಿ. ಹೋಗಿರುವುದು ಬಣ್ಣ ಮತ್ತು ಮೇಲೆ ಉದುರಿಸುತ್ತಿದ್ದ ಸಕ್ಕರೆ ಪುಡಿ ಮಾತ್ರ.

ಟೂಟಿ ಫ್ರೂಟಿ ಅಂದರೆ ಪರಂಗಿಕಾಯಿ ಅನ್ನುವುದೇ ಕೆಲವರಿಗೆ ಹೊಸ ವಿಷಯ. ಕೆಂಪು ಹೋಳು ಚೆರಿ, ಹಸಿರು ಹೋಳು ಇನ್ಯಾವುದೋ ಹಣ್ಣು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮೂರೂ ಒಂದೇ ಕಾಯಿಯ ಹೋಳುಗಳು. ಬೇರೆ ಬೇರೆ ಬಣ್ಣದ ಪಾಕದಲ್ಲಿ ನೆನೆದವು, ಅಷ್ಟೇ. ಅಂಗಡಿಯಲ್ಲಿ ಕೇಕ್ ಮೇಲೆ ಇಡಲು ಸಿಗುವ ಕೆಂಪು "ಚೆರಿ" ಕೂಡ ನಮ್ಮಲ್ಲಿ ಹೆಚ್ಚಾಗಿ ಬಣ್ಣ ಕುಡಿದ ಕವಳಿಕಾಯಿಯೇ.

ಇಷ್ಟು ದಿನ ನಾವು ಹಾಕುತ್ತಿದ್ದ ಬಣ್ಣ ಕಾನೂನು ಒಪ್ಪಿದ ಬಣ್ಣವೇ. ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಬಹುದಾದ ಕೃತಕ ಬಣ್ಣಗಳು ಒಟ್ಟು 8. ಅವನ್ನೂ ಮಿತಿಯೊಳಗೇ ಬಳಸಬೇಕು, ಬಳಸಿದ್ದನ್ನು ಲೇಬಲ್ ಮೇಲೆ ಹೇಳಬೇಕು. ನಮ್ಮ ಹಳೆಯ ಪ್ಯಾಕೆಟ್ ಮೇಲೂ ಆ ಸಾಲು ಇತ್ತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ರೋಡಮೈನ್-ಬಿ ಆಹಾರದ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವ ಬಣ್ಣ. ನಾವು ಅದನ್ನು ಯಾವತ್ತೂ ಮುಟ್ಟಿದವರಲ್ಲ. ಆದರೂ ಆಮೇಲೆ ನಿಮ್ಮಲ್ಲಿ ಹಲವರು ಫೋನ್ ಮಾಡಿ ಒಂದೇ ಮಾತು ಕೇಳಿದಿರಿ: "ಬಣ್ಣ ಇಲ್ಲದ್ದು ಕೊಡ್ತೀರಾ? ಮಕ್ಕಳಿಗೆ ಮನೆಯಲ್ಲೇ ಕೇಕ್ ಮಾಡಬೇಕು." ಆ ಪ್ರಶ್ನೆ ನಮಗೆ ಸರಿ ಅನ್ನಿಸಿತು. ಬಣ್ಣದಿಂದ ರುಚಿ ಬರುವುದಿಲ್ಲ. ಹೋಳು ಕೆಡದಂತೆ ಕಾಯುವುದೂ ಬಣ್ಣವಲ್ಲ, ಸಕ್ಕರೆ. ಹಾಗಿದ್ದ ಮೇಲೆ ಅದು ಯಾಕೆ ಬೇಕು?

ಬೀಟ್‌ರೂಟ್, ಅರಿಶಿನ, ಪಾಲಕ್ ಹಾಕಬಹುದಲ್ವಾ ಅಂತ ಕೇಳಿದವರೂ ಇದ್ದಾರೆ. ಹಾಕಿ ನೋಡಿದೆವು. ಬೀಟ್‌ರೂಟ್ ಬಣ್ಣ ಬಿಸಿ ತಡೆಯುವುದಿಲ್ಲ. ಪಾಕದಲ್ಲಿ ಎಷ್ಟೇ ಚೆಂದ ಕಂಡರೂ ಕೇಕ್ ಬೇಯುವಷ್ಟರಲ್ಲಿ ಕಂದಿ ಹೋಗುತ್ತದೆ. ಪಾಲಕ್ ಹಸಿರು ಬಿಸಿಗೂ ನಿಂಬೆ ಹುಳಿಗೂ ಮಂಕಾಗಿ ಕಂದು ಮಿಶ್ರಿತ ಹಸಿರಾಗುತ್ತದೆ. ಅರಿಶಿನದ ಕಥೆ ನಿಮಗೆ ಗೊತ್ತೇ ಇದೆ. ಆರತಿ ನೀರಿಗೆ ಅರಿಶಿನ ಕಲಸಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಇಲ್ಲೂ ಆಗುವುದು ಅದೇ. ನಾವು ಹೋಳುಗಳನ್ನು ಸುಣ್ಣದ ತಿಳಿಯಲ್ಲಿ ನೆನೆಸುತ್ತೇವೆ, ನೀವು ಕೇಕ್‌ಗೆ ಸೋಡಾ ಹಾಕುತ್ತೀರಿ. ಸೋಡಾ ಸರಿಯಾಗಿ ಬೆರೆಯದೆ ಉಳಿದ ಕಡೆ ಹಳದಿ ಹೋಳಿನ ಸುತ್ತ ಕೆಂಪು ಕಲೆ ಬೀಳುತ್ತದೆ. ಕೊನೆಗೆ ಎಲ್ಲರೂ ಸೇರಿ ಒಂದೇ ತೀರ್ಮಾನಕ್ಕೆ ಬಂದೆವು: ಹಣ್ಣು ಹಣ್ಣಿನ ಬಣ್ಣದಲ್ಲೇ ಇರಲಿ.

ಇದರಿಂದ ನಮ್ಮ ಕೆಲಸ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಬಣ್ಣವಿದ್ದಾಗ ಕಾಯಿ ಸ್ವಲ್ಪ ಹಣ್ಣಾಗಿದ್ದರೂ ಗೊತ್ತಾಗುತ್ತಿರಲಿಲ್ಲ. ಈಗ ಹಾಗಲ್ಲ. ಸಿಪ್ಪೆ ಪೂರ್ತಿ ಹಸಿರಿರಬೇಕು, ಒಳಗೆ ತಿರುಳು ಬೆಳ್ಳಗಿರಬೇಕು, ಬೀಜ ಕಪ್ಪಾಗಿರಬಾರದು. ಅಂಥ ಕಾಯಿಯಲ್ಲಿ ಸೊನೆ ಜಾಸ್ತಿ. ಕೈಗೆ ತಗುಲಿದರೆ ತುರಿಕೆ. ಹಾಗಾಗಿ ಹೆಚ್ಚುವವರೆಲ್ಲ ಗ್ಲೌಸ್ ಹಾಕಿಕೊಂಡೇ ಕೂರುತ್ತಾರೆ. ಹೆಚ್ಚಿದ ಹೋಳನ್ನು ಸುಣ್ಣದ ತಿಳಿಯಲ್ಲಿ ನೆನೆಸಿ, ಸುಣ್ಣದ ವಾಸನೆ ಹೋಗುವವರೆಗೆ ನೀರು ಬದಲಿಸಿ ಬದಲಿಸಿ ತೊಳೆದು, ಆಮೇಲೆ ಬೇಯಿಸುತ್ತೇವೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಕಾಯಿಯಲ್ಲಿರುವ ಪೆಕ್ಟಿನ್ ಅನ್ನುವ ನಾರಿನಂಶದ ಜೊತೆ ಸೇರಿ ಹೋಳನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ಬೆಂದರೂ ಹೋಳು ಮುದ್ದೆಯಾಗುವುದಿಲ್ಲ. ಆಗ್ರಾದ ಪೇಠಾ ಅನ್ನುವ ಸಿಹಿ ಮಾಡುವವರು ಬೂದುಗುಂಬಳಕ್ಕೆ ಮಾಡುವುದೂ ಇದನ್ನೇ.

ಪಾಕದ ಹಂತದಲ್ಲಿ ಅವಸರ ಮಾಡಿದರೆ ಎಲ್ಲ ಕೆಟ್ಟಿತು. ಬೆಂದ ಹೋಳನ್ನು ನೇರ ಗಟ್ಟಿ ಪಾಕಕ್ಕೆ ಹಾಕಿದರೆ ಒಳಗಿನ ನೀರು ಒಮ್ಮೆಲೇ ಹೊರಗೆ ಬಂದು ಹೋಳು ಮುರುಟಿ ರಬ್ಬರಿನಂತಾಗುತ್ತದೆ. ಹಾಗಾಗಿ ಮೊದಲು ತೆಳು ಪಾಕ, ಒಂದು ರಾತ್ರಿ ಬಿಟ್ಟು ಅದನ್ನೇ ಕುದಿಸಿ ಸ್ವಲ್ಪ ಗಟ್ಟಿ, ಮತ್ತೆ ಬಿಟ್ಟು ಇನ್ನೂ ಗಟ್ಟಿ. ನೀರು ಹೊರಗೆ ಬಂದಂತೆ ಸಕ್ಕರೆ ನಿಧಾನಕ್ಕೆ ಒಳಗೆ ಹೋಗುತ್ತದೆ. ಕೊನೆಗೆ ಹೋಳನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣಬೇಕು. ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಸಕ್ಕರೆ ಅಲ್ಲಿಗೆ ಮುಟ್ಟಿಲ್ಲ ಅಂತ ಅರ್ಥ. ಬಣ್ಣವಿದ್ದಾಗ ಆ ಚುಕ್ಕೆ ಹುಡುಕುವುದೇ ಕಷ್ಟವಾಗುತ್ತಿತ್ತು. ಈಗ ಕಣ್ಣಿಗೆ ಹೊಡೆದು ಕಾಣುತ್ತದೆ, ನಮಗೂ, ನಿಮಗೂ. ಕೊನೆಯ ಪಾಕಕ್ಕೆ ನಿಂಬೆರಸ ಹಿಂಡುತ್ತೇವೆ. ಸಕ್ಕರೆ ಹರಳುಗಟ್ಟದಿರಲಿ ಅಂತ. ಈಗ ಲೇಬಲ್ ಮೇಲೆ ಇರುವುದು ಇಷ್ಟೇ: ಪರಂಗಿಕಾಯಿ, ಸಕ್ಕರೆ, ನಿಂಬೆರಸ, ಸುಣ್ಣ.

ಇನ್ನು ನಿಮ್ಮ ಅಡುಗೆಮನೆಯ ವಿಷಯ. ಹೊಸ ಹೋಳಿನ ಮೇಲೆ ಸಕ್ಕರೆ ಪುಡಿ ಉದುರಿಸುವುದನ್ನೂ ಬಿಟ್ಟಿದ್ದೇವೆ. ಹಾಗಾಗಿ ಇದು ಮೊದಲಿಗಿಂತ ಮೆತ್ತಗೆ, ಸ್ವಲ್ಪ ಅಂಟು. ಸುಮ್ನೆ ಹಿಟ್ಟಿಗೆ ಸುರಿದರೆ ಮುದ್ದೆಯಾಗಿ ಒಂದೇ ಕಡೆ ಕೂತುಬಿಡುತ್ತದೆ. ಕೇಕ್ ಹೀಗೆ ಮಾಡಿ ನೋಡಿ.

ಮೊದಲು ಓವನ್ 180 ಡಿಗ್ರಿಗೆ ಕಾಯಲು ಇಡಿ. 7 ಇಂಚಿನ ಟಿನ್‌ಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ. ಒಂದೂವರೆ ಕಪ್ ಮೈದಾ ಜರಡಿ ಹಿಡಿಯಿರಿ. ಅದರಲ್ಲೇ ಒಂದು ಚಮಚ ತೆಗೆದು ಅರ್ಧ ಕಪ್ ಟೂಟಿ ಫ್ರೂಟಿಗೆ ಹಾಕಿ, ಹೋಳು ಒಂದಕ್ಕೊಂದು ಅಂಟದಂತೆ ಬೆರಳಿನಿಂದ ಬಿಡಿಸಿ. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕರಗುವವರೆಗೆ ಕಲಸಿ. ಅದಕ್ಕೆ ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟರೆ ಮೊಸರು ನೊರೆನೊರೆಯಾಗಿ ಉಬ್ಬುತ್ತದೆ. ಆಮೇಲೆ ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್. ಮೈದಾವನ್ನು ಎರಡು ಮೂರು ಸಲವಾಗಿ ಸೇರಿಸಿ, ಗಂಟಿಲ್ಲದಂತಾದ ಕೂಡಲೇ ಕೈ ನಿಲ್ಲಿಸಿ. ಜಾಸ್ತಿ ಕಲಸಿದರೆ ಕೇಕ್ ಗಟ್ಟಿಯಾಗುತ್ತದೆ.

ಹೋಳು ತಳ ಸೇರುತ್ತದೆ ಅನ್ನುವ ದೂರು ತುಂಬಾ ಬರುತ್ತದೆ. ಮೈದಾ ಸವರಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಹಿಟ್ಟು ನೀರಾಗಿದ್ದರೆ ಎಷ್ಟು ಮೈದಾ ಸವರಿದರೂ ಹೋಳು ಕೆಳಗೇ ಹೋಗುತ್ತದೆ. ಚಮಚದಿಂದ ಬಿಟ್ಟರೆ ಹಿಟ್ಟು ಧಾರೆಯಾಗಿ ಹರಿಯಬಾರದು, ನಿಧಾನಕ್ಕೆ ತುಂಡು ತುಂಡಾಗಿ ಬೀಳಬೇಕು. ಮೊಸರು ನೀರಾಗಿದ್ದರೆ ತೆಳು ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಕಟ್ಟಿಡಿ. ಇನ್ನೊಂದು ಉಪಾಯವಿದೆ. ಹೋಳು ಬೆರೆಸುವ ಮೊದಲೇ ಕಾಲು ಭಾಗ ಹಿಟ್ಟನ್ನು ಟಿನ್‌ಗೆ ಸುರಿಯಿರಿ. ಉಳಿದದ್ದಕ್ಕೆ ಹೋಳು ಬೆರೆಸಿ ಅದರ ಮೇಲೆ ಹಾಕಿ. ತಳದಲ್ಲಿ ಬರೀ ಹಿಟ್ಟು ಇರುವುದರಿಂದ ಹೋಳು ಟಿನ್‌ಗೆ ಅಂಟಿ ಸೀಯುವುದಿಲ್ಲ. ಮೇಲೆ ಉದುರಿಸಲು ಹತ್ತಾರು ಹೋಳು ಉಳಿಸಿಕೊಳ್ಳಿ.

ಹಿಟ್ಟು ಕಲಸಿದ ಮೇಲೆ ಬೇಯಲು ಇಡಲು ತಡ ಮಾಡಬೇಡಿ. ಸೋಡಾ ಮೊಸರಿನ ಹುಳಿಗೆ ಸೇರಿದ ಕ್ಷಣದಿಂದಲೇ ಗುಳ್ಳೆ ಏಳುತ್ತಿರುತ್ತದೆ, ತಡವಾದಷ್ಟೂ ಅವು ಒಡೆದು ಹೋಗುತ್ತವೆ. 35ರಿಂದ 40 ನಿಮಿಷ ಬೇಯಲಿ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ನಡುವೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಹೋಳಿಗೆ ಚುಚ್ಚಿದರೆ ಕಡ್ಡಿ ಅಂಟಂಟಾಗಿಯೇ ಬರುತ್ತದೆ, ಆಗ ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚಿ ನೋಡಿ. ಪೂರ್ತಿ ಆರಿದ ಮೇಲೇ ಕತ್ತರಿಸಿ.

ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆ, ಸರಿಯಾಗಿ ಕೂರುವ ಮುಚ್ಚಳ ಸಾಕು. ತಳಕ್ಕೆ ಒಂದು ಕಪ್ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ. ಟಿನ್ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಕುಕ್ಕರ್‌ನಲ್ಲೇ ಮಾಡುವವರು ಗ್ಯಾಸ್ಕೆಟ್, ವೇಟ್ ಎರಡನ್ನೂ ಮರೆಯದೆ ತೆಗೆದಿಡಿ. ನೀರಿಲ್ಲದೆ ಕಾಯಿಸಿದರೆ ಪಾತ್ರೆ ಸವೆಯುತ್ತದೆ, ಹೊಸ ಕುಕ್ಕರ್ ಬೇಡ.

ಮಕ್ಕಳು ಬಣ್ಣ ಇಲ್ಲ ಅಂತ ಮುಖ ಸಣ್ಣ ಮಾಡಬಹುದು. ಅಯ್ಯಂಗಾರ್ ಬೇಕರಿಯ ಗಾಜಿನ ಹಿಂದಿನ ಕೇಕ್, ದಿಲ್‌ಪಸಂದ್‌ನಲ್ಲಿ ತೆಂಗಿನತುರಿ ಜೊತೆ ಇಣುಕುವ ಕೆಂಪು ಹಸಿರು ಚೂರು ನಮಗೂ ಇಷ್ಟವೇ. ಆ ಆಸೆಯನ್ನು ನಾವು ಹಗುರವಾಗಿ ನೋಡುತ್ತಿಲ್ಲ. ಕಪ್ಪು ಒಣದ್ರಾಕ್ಷಿ, ಗೋಡಂಬಿ, ಸಣ್ಣಗೆ ಹೆಚ್ಚಿದ ಖರ್ಜೂರ ಒಂದೊಂದು ಹಿಡಿ ಸೇರಿಸಿ. ಕಿತ್ತಳೆ ಸಿಪ್ಪೆಯ ಮೇಲ್ಪದರವನ್ನಷ್ಟೇ ತುರಿದು ಹಾಕಿದರೆ ಘಮವೂ ಬರುತ್ತದೆ, ಅಲ್ಲಲ್ಲಿ ಕೇಸರಿ ಚುಕ್ಕೆಯೂ ಕಾಣುತ್ತದೆ. ಕೆಳಗಿನ ಬಿಳಿ ಪದರ ಕಹಿ, ಅದು ಬೇಡ.

ಪ್ಯಾಕೆಟ್ ಒಡೆದ ಮೇಲೆ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಒಣ ಚಮಚವನ್ನೇ ಬಳಸಿ. ಮೇಲೆ ಬಿಳಿ ಹರಳು ಕಂಡರೆ ಹೆದರಬೇಡಿ. ಬಿಸಿನೀರಲ್ಲಿ ಕರಗಿದರೆ ಅದು ಸಕ್ಕರೆ. ಬೂಷ್ಟು ನಾರು ನಾರಾಗಿ ಬೆಳೆದಿದ್ದರೆ, ಹುಳಿ ವಾಸನೆ ಬಂದರೆ ಪೂರ್ತಿ ಎಸೆಯಿರಿ. ಬಳಸಬೇಕಾದ ಅವಧಿ ಬದಲಾಗಿಲ್ಲ, ಪ್ಯಾಕೆಟ್ ಮೇಲೆ ದಿನಾಂಕ ಇದೆ. ಬಣ್ಣ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸ್ವಲ್ಪ ಬೇರೆ ಕಾಣಬಹುದು. ಪಾಕ ಹೆಚ್ಚು ಹೊತ್ತು ಕುದಿದರೆ ಹೋಳು ಕಂದು ಕಡೆಗೆ ತಿರುಗುತ್ತದೆ, ರುಚಿಗೆ ತೊಂದರೆ ಇಲ್ಲ.

ಕೆಲವು ಅಂಗಡಿಗಳಲ್ಲಿ ಬಣ್ಣದ ಹಳೆಯ ಪ್ಯಾಕೆಟ್ ಇನ್ನೂ ಇವೆ. ಅವನ್ನು ತಿನ್ನಲು ಅಡ್ಡಿಯಿಲ್ಲ. ಬೇಡ ಅನ್ನಿಸಿದರೆ ಒಡೆಯದ ಪ್ಯಾಕೆಟನ್ನು ಅದೇ ಅಂಗಡಿಗೆ ಕೊಡಿ, ಹೊಸದು ಕೊಡುತ್ತಾರೆ. ಅಂಗಡಿಯವರಿಗೆಲ್ಲ ತಿಳಿಸಿದ್ದೇವೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಜಾಸ್ತಿ ಬೇಕಿದ್ದವರು ಒಂದು ವಾರ ಮುಂಚೆ ಹೇಳಿ. ಪಾಕಕ್ಕೆ ಬೇಕಾದ ದಿನಗಳನ್ನು ನಾವು ಕಡಿಮೆ ಮಾಡುವುದಿಲ್ಲ.

ಇಂತಿ ನಿಮ್ಮ,
ಸಂಘದ ಎಲ್ಲ ಸದಸ್ಯೆಯರು