ಬೇಸಿಗೆಯ ಪ್ರದರ್ಶನ ಮುಗಿದ ಮೇಲೆ ಅಂಕೋಲೆಯ ಮನೆಮನೆಗಳಿಗೆ ಕೃತಜ್ಞತೆ

2025ರ ಏಪ್ರಿಲ್ 13ರಂದು ಆರಂಭವಾದ ನಮ್ಮ ಪುಟ್ಟ ಸ್ಥಳೀಯ ಇತಿಹಾಸ ಸಂಗ್ರಹಾಲಯದ ಬೇಸಿಗೆ ಪ್ರದರ್ಶನವೂ, ರಜೆಯ ಭಾನುವಾರಗಳಂದು ಮನೆಮಂದಿಗೆಲ್ಲ ಏರ್ಪಡಿಸಿದ್ದ ಕಾರ್ಯಕ್ರಮಗಳೂ ಶಾಲೆಗಳ ಬಾಗಿಲು ತೆರೆಯುವುದರೊಂದಿಗೆ ಮುಕ್ತಾಯಗೊಂಡಿವೆ. ನಮ್ಮಲ್ಲಿರುವುದು ಹಂಚಿನ ಮಾಡಿನ ಹಳೆಯ ಮನೆಯೊಂದರ ಎರಡು ಕೋಣೆ, ಒಂದು ಜಗಲಿ ಮತ್ತು ಹಿಂದಿನ ಅಂಗಳ ಮಾತ್ರ. ಇಷ್ಟು ಜಾಗದಲ್ಲಿ ಒಂದು ಬೇಸಿಗೆಯನ್ನು ತುಂಬುವಷ್ಟು ಸಾಮಗ್ರಿ ಅಂಕೋಲಾ ತಾಲೂಕಿನ ಮನೆಗಳಿಂದಲೇ ಬಂದಿತು. ವಸ್ತುಗಳನ್ನು ನಂಬಿ ಕೊಟ್ಟವರೆಲ್ಲರಿಗೂ ನಾವು ಋಣಿಗಳು. ಆದರೆ ಅದಕ್ಕೂ ಮಿಗಿಲಾದ ಕೃತಜ್ಞತೆ, ಕೊಟ್ಟ ವಸ್ತುವಿನ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು, ಅದನ್ನು ಹಿಡಿಯುವುದು ಹೇಗೆ, ಬಳಸುವುದು ಹೇಗೆ, ಕೆಟ್ಟರೆ ಸರಿಪಡಿಸುವುದು ಹೇಗೆ ಎಂದು ಬಂದವರಿಗೆಲ್ಲ ಬೇಸರವಿಲ್ಲದೆ ತೋರಿಸಿಕೊಟ್ಟ ಹಿರಿಯರಿಗೆ ಸಲ್ಲಬೇಕು ಎಂಬುದು ನಮ್ಮ ಬಳಗದ ಒಮ್ಮತದ ಅಭಿಪ್ರಾಯ.

ಈ ವರ್ಷ ಪ್ರದರ್ಶನ ನಡೆಸಬೇಕೋ ಬೇಡವೋ ಎಂಬ ಸಂದೇಹ ಬಹಳ ದಿನ ನಮ್ಮನ್ನು ಕಾಡಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿ ನದಿಯಲ್ಲೂ ಜೀವಗಳು ಹೋದವು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಡಿಸೆಂಬರಿನಲ್ಲಿ ಗಿಡಮರಗಳನ್ನು ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರನ್ನೂ, ಫೆಬ್ರವರಿಯಲ್ಲಿ ಜನಪದ ಹಾಡುಗಾರ್ತಿ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನೂ ಕಳೆದುಕೊಂಡೆವು. ಗುಡ್ಡ ಕುಸಿತದ ಚಿತ್ರಗಳನ್ನು ಪ್ರದರ್ಶಿಸುವಿರಾ ಎಂದು ಕೆಲವರು ಕೇಳಿದ್ದುಂಟು. ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆಯೇ ಇರುವಾಗ ಅದನ್ನು ಗೋಡೆಗೆ ತೂಗುಹಾಕುವುದು ಸಲ್ಲದು ಎಂದು ನಿರ್ಧರಿಸಿದೆವು; ಆ ನಿರ್ಧಾರವನ್ನು ಪ್ರಶ್ನಿಸದೆ ಒಪ್ಪಿಕೊಂಡವರಿಗೂ ಇಲ್ಲಿ ವಂದಿಸುತ್ತೇವೆ. ಆರಂಭದ ದಿನ ಅವರಿಬ್ಬರ ಸಮುದಾಯವಾದ ಹಾಲಕ್ಕಿ ಒಕ್ಕಲಿಗರ ಹೆಣ್ಣುಮಕ್ಕಳು ಬಂದು, ಯಾರೂ ಕೇಳಿಕೊಳ್ಳದೆಯೇ ಜಗಲಿಯಲ್ಲಿ ಕುಳಿತು, ಸುಕ್ರಜ್ಜಿ ಹಾಡುತ್ತಿದ್ದ ಹಾಡುಗಳನ್ನು ಒಂದಾದ ಮೇಲೊಂದರಂತೆ ಹಾಡಿದರು. ನಾವು ಬರೆದು ತಂದಿದ್ದ ಸ್ವಾಗತ ಭಾಷಣವನ್ನು ಅಂದು ಓದಲಿಲ್ಲ. ಓದುವ ಅಗತ್ಯವೂ ಉಳಿದಿರಲಿಲ್ಲ.

ಪ್ರದರ್ಶನದ ಮುಖ್ಯ ವಿಷಯ ಉಪ್ಪು. ದಂಡಿಯಲ್ಲಿ ಗಾಂಧೀಜಿ ಉಪ್ಪಿನ ಕಾಯಿದೆಯನ್ನು ಮುರಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಸತ್ಯಾಗ್ರಹ ನಡೆಯಿತೆಂಬುದನ್ನು ಇಲ್ಲಿಯ ಮಕ್ಕಳು ಪಾಠದಲ್ಲಿ ಓದಿಯೇ ಇರುತ್ತಾರೆ. ಓದಿದ್ದನ್ನು ಕೈಯಾರೆ ಮಾಡಿ ನೋಡಲಿ ಎಂಬ ಉದ್ದೇಶದಿಂದ ಅದೇ ದಿನಾಂಕದಂದು ಅಂಗಳದಲ್ಲಿ ಒಲೆ ಹೂಡಿ ಸಮುದ್ರದ ನೀರು ಕಾಯಿಸುವ ಕಾರ್ಯಕ್ರಮವನ್ನು ಇಟ್ಟುಕೊಂಡಿದ್ದೆವು. ಕೇಣಿಯ ಕುಟುಂಬಗಳು ಕೊಡಗಳಲ್ಲಿ ನೀರು ಹೊತ್ತು ತಂದವು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವ ಲವಣಗಳೆಲ್ಲ ಸೇರಿ ಸುಮಾರು 35 ಗ್ರಾಂ ಮಾತ್ರ ಎಂದು ಮೊದಲೇ ಹೇಳಿದ್ದರೂ, ದೊಡ್ಡ ಪಾತ್ರೆಯ ನೀರೆಲ್ಲ ಆರಿ ತಳದಲ್ಲಿ ಬೊಗಸೆಯಷ್ಟು ಉಳಿದಾಗ ಮಕ್ಕಳ ಮುಖದಲ್ಲಿ ಮೂಡಿದ ನಿರಾಶೆ ನೋಡುವಂತಿತ್ತು.

ಈ ಕಾರ್ಯಕ್ರಮ ಬರಿಯ ಆಟವಾಗದೆ ಪಾಠವಾದದ್ದು ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಆಯುಷ್ಯವಿಡೀ ದುಡಿದು, ಈಗ ವಿಶ್ರಾಂತಿಯಲ್ಲಿರುವ ಹಿರಿಯ ದಂಪತಿಗಳಿಂದ. ನೀರು ಕುದಿದು ಐದನೆಯ ಒಂದು ಪಾಲಿಗೆ ಇಳಿಯುವಾಗ ಬಿಳಿಯ ಕದಡು ಕಾಣಿಸಿಕೊಂಡಿತು. ಉಪ್ಪು ಬಂತೆಂದು ಮಕ್ಕಳು ಕುಣಿದರು. ಅಜ್ಜ ತಡೆದು, ಅದು ಉಪ್ಪಲ್ಲ, ಬಟ್ಟೆಯಲ್ಲಿ ಸೋಸಿ ತೆಗೆಯಬೇಕಾದ ಸುಣ್ಣದಂಥ ವಸ್ತು ಎಂದರು. ಅದು ಜಿಪ್ಸಮ್ ಎಂದು ಅಲ್ಲಿದ್ದ ವಿಜ್ಞಾನ ಶಿಕ್ಷಕರು ವಿವರಿಸಿದರು. ನಿಜವಾದ ಉಪ್ಪಿನ ಹರಳು ಕಟ್ಟತೊಡಗಿದ್ದು ನೀರು ಹತ್ತನೆಯ ಒಂದು ಪಾಲಿಗೆ ಬಂದ ಮೇಲೆಯೇ. ಕೊನೆಯ ನೀರನ್ನು ಪೂರ್ತಿ ಆರಿಸದೆ ಬಸಿದುಬಿಡಬೇಕು, ಇಲ್ಲದಿದ್ದರೆ ಉಪ್ಪು ಕಹಿಯಾಗುತ್ತದೆ ಎಂದು ಅಜ್ಜಿ ಎಚ್ಚರಿಸಿದರು. ಆ ಕಹಿಗೆ ಕಾರಣ ಮೆಗ್ನೀಸಿಯಮ್ ಲವಣಗಳು. ಒಲೆಗೆ ಹಾಕಿದ ಸೌದೆಯ ಬೆಲೆ ಬಂದ ಉಪ್ಪಿನ ಬೆಲೆಗಿಂತ ಹೆಚ್ಚೆಂದು ಲೆಕ್ಕ ಹಾಕಿ ನಕ್ಕವರೂ ಅವರೇ. ಆಗರದಲ್ಲಿ ಸೌದೆಯ ಮಾತೇ ಇಲ್ಲ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತ, ಕೊನೆಯ ಮಡಿಯಲ್ಲಿ ಬಿಸಿಲಿಗೂ ಗಾಳಿಗೂ ಒಪ್ಪಿಸಿದರೆ ಆಯಿತು. ಉಳಿದ ಶ್ರಮವೆಲ್ಲ ಮಡಿಯ ನೆಲವನ್ನು ತುಳಿದು ಗಟ್ಟಿಮಾಡುವುದರಲ್ಲಿ, ಉದ್ದ ಹಿಡಿಯ ಮರದ ಹಲಗೆಯಿಂದ ಹರಳನ್ನು ಎಳೆದು ಗುಡ್ಡೆ ಹಾಕುವುದರಲ್ಲಿ. ಆ ಹಲಗೆಯನ್ನು ಅವರು ಸಂಗ್ರಹಾಲಯಕ್ಕೇ ಕೊಟ್ಟು ಹೋಗಿದ್ದಾರೆ. ಅವರ ಇಚ್ಛೆಯಂತೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ, ಮುಟ್ಟಿ ನೋಡಬಹುದಾದ ಎತ್ತರದಲ್ಲಿ ಗೋಡೆಗೆ ಒರಗಿಸಿದ್ದೇವೆ.

ಒಳಗಿನ ಕೋಣೆಯಲ್ಲಿ ಕರನಿರಾಕರಣೆಯ ಕಾಗದಪತ್ರಗಳಿದ್ದವು. ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ರೈತರು 1932ರಿಂದ ಭೂಕಂದಾಯ ಕೊಡಲು ನಿರಾಕರಿಸಿ ಜಮೀನು, ದನಕರು, ಮನೆಯ ಪಾತ್ರೆಪಡಗಗಳನ್ನು ಜಪ್ತಿಗೆ ಒಡ್ಡಿದ್ದು, 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಮರಳಿಸುವ ಕ್ರಮ ಆರಂಭವಾದದ್ದು ಎಲ್ಲರಿಗೂ ತಿಳಿದ ಇತಿಹಾಸ. ಸೂರ್ವೆ, ಕಣಗಿಲ, ಹಿಚ್ಕಡದ ಕುಟುಂಬಗಳು ಅಟ್ಟದ ಪೆಟ್ಟಿಗೆಗಳಿಂದ ತೆಗೆದು ತಂದ ರಸೀದಿ, ನೋಟೀಸು ಮತ್ತು ಜೈಲಿನಿಂದ ಬರೆದ ಪತ್ರಗಳಲ್ಲಿ ಆ ಇತಿಹಾಸಕ್ಕೆ ಮನೆಯ ಹೆಸರು, ಗದ್ದೆಯ ಹೆಸರು ದೊರೆಯಿತು. ಮೂಲ ಕಾಗದಗಳು ಮನೆಯಲ್ಲೇ ಇರಬೇಕೆಂಬುದು ನಮ್ಮ ನಿಲುವು. ಆದುದರಿಂದ ಅವುಗಳ ಛಾಯಾಚಿತ್ರ ತೆಗೆದುಕೊಂಡು ಅಂದಂದೇ ಹಿಂದಿರುಗಿಸಿ, ಪ್ರದರ್ಶನದಲ್ಲಿ ಪ್ರತಿಗಳನ್ನಷ್ಟೇ ಇಟ್ಟೆವು. ಜಪ್ತಿಯವರು ಬರುವ ಸುಳಿವು ಸಿಕ್ಕಿದೊಡನೆ ಬಾವಿಗೆ ಇಳಿಬಿಟ್ಟು ಉಳಿಸಿಕೊಂಡದ್ದೆಂದು ಮನೆಯವರು ಹೇಳುವ ತಾಮ್ರದ ಹಂಡೆಯೊಂದು ಮಾತ್ರ ನಿಜರೂಪದಲ್ಲೇ ಬಂದಿತ್ತು. ಅದನ್ನು ತಂದ ತಾಯಿ ಪ್ರತಿ ಸಂಜೆ ಬಂದು ಅದಿನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ನಮ್ಮ ಬೀಗದ ಮೇಲೆ ಅವರಿಗಿದ್ದ ಆ ಅರೆನಂಬಿಕೆಗೂ ನಮ್ಮ ಗೌರವವಿದೆ.

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1977ರಿಂದ ಇದನ್ನು ಆಚರಿಸಲಾಗುತ್ತಿದೆ. ಈ ಸಲ ಅದು ಭಾನುವಾರವೇ ಬಂದದ್ದರಿಂದ ಅಜ್ಜ-ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಜೋಡಿಯಾಗಿ ಕರೆದಿದ್ದೆವು. ಪಾವು, ಸೇರು, ಕೊಳಗಗಳಲ್ಲಿ ಅಕ್ಕಿ ಅಳೆದು, ಅದನ್ನೇ ತಕ್ಕಡಿಯಲ್ಲಿ ತೂಗಿ ನೋಡುವ ಸ್ಪರ್ಧೆ ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿತು. ನಾಲ್ಕು ಪಾವಿಗೆ ಒಂದು ಸೇರು ಎಂಬಲ್ಲಿಯವರೆಗೆ ಎಲ್ಲರೂ ಒಂದೇ ಮಾತು. ಅಲ್ಲಿಂದಾಚೆಗೆ ಊರಿಗೊಂದು ಲೆಕ್ಕ. 1958ರಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಬರುವ ಮೊದಲು ಸಂತೆಯಲ್ಲಿ ಎಷ್ಟು ಜಗಳಗಳಾಗಿರಬೇಕೆಂದು ಊಹಿಸಲು ಬೇರೆ ವಿವರಣೆಯೇ ಬೇಕಾಗಲಿಲ್ಲ. ಅದೇ ದಿನ ಕರಿ ಇಷಾಡ ಮಾವಿನ ಬುಟ್ಟಿಗಳನ್ನು ತಂದಿದ್ದ, ಬಸ್ ನಿಲ್ದಾಣದ ಬಳಿ ಪ್ರತಿ ಬೇಸಿಗೆಯಲ್ಲೂ ಹಣ್ಣು ಮಾರುವ ಹಾಲಕ್ಕಿ ತಾಯಂದಿರು ಕರಿ ಇಷಾಡಕ್ಕೂ ಬಿಳಿ ಇಷಾಡಕ್ಕೂ ಇರುವ ಭೇದವನ್ನು ಸಿಪ್ಪೆಯ ಮೇಲೆ ಬೆರಳಾಡಿಸಿ ತೋರಿಸಿದರು. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತ ವಿವರವನ್ನು ನಾವು ಫಲಕದಲ್ಲಿ ಬರೆದಿದ್ದೆವು. ಫಲಕವನ್ನು ಓದಿದವರಿಗಿಂತ ಹಣ್ಣು ತಿಂದವರೇ ಹೆಚ್ಚು, ಅದರ ಬಗ್ಗೆ ನಮಗೆ ದೂರಿಲ್ಲ.

ಕೊನೆಯ ಭಾನುವಾರಕ್ಕೆ ಬೇಲೇಕೇರಿಯ ಮೀನುಗಾರ ಹಿರಿಯರು ದಡಕ್ಕೆ ಎಳೆದು ಮೀನು ಹಿಡಿಯುವ ದೊಡ್ಡ ರಂಪಣಿ ಬಲೆಯ ತುಂಡೊಂದನ್ನು ಅಂಗಳದಲ್ಲಿ ಹರಡಿ ತೋರಿಸುವುದೆಂದು ನಿಗದಿಯಾಗಿತ್ತು. ಈ ವರ್ಷ ಮುಂಗಾರು ಮೇ 24ರಂದೇ ಕೇರಳಕ್ಕೆ ಕಾಲಿಟ್ಟಿತು. ನಮ್ಮ ಕರಾವಳಿಯಲ್ಲಿ ಅದಕ್ಕೂ ಮೊದಲೇ ಜಡಿಮಳೆ ಹಿಡಿದಿತ್ತು. ಮಾಡಿನ ಹಂಚುಗಳನ್ನು ಜೂನಿಗೆ ಮೊದಲು ಕೈಯಾಡಿಸಿದರೆ ಸಾಕೆಂದು ಎಲ್ಲ ಮನೆಗಳವರಂತೆ ನಾವೂ ಇದ್ದೆವು. ಶನಿವಾರ ರಾತ್ರಿ ಒಳಗಿನ ಕೋಣೆಯಲ್ಲಿ ನೀರು ತೊಟ್ಟಿಕ್ಕತೊಡಗಿದಾಗ ನೆರೆಮನೆಯವರು ಕರೆಯುವ ಮೊದಲೇ ಬಂದು ಮೇಜು, ಫಲಕ, ಪೆಟ್ಟಿಗೆಗಳನ್ನು ಜಗಲಿಗೆ ಸಾಗಿಸಿದರು. ಇಬ್ಬರು ಯುವಕರು ಆ ಮಳೆಯಲ್ಲೇ ಮಾಡು ಹತ್ತಿ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಸಂಗ್ರಹದ ಒಂದು ಕಾಗದವೂ ಹಾಳಾಗದೆ ಉಳಿದದ್ದು ಅವರ ದಯೆಯಿಂದ.

ಮರುದಿನ ಕಾರ್ಯಕ್ರಮವನ್ನು ಕೈಬಿಡೋಣವೆಂದು ನಾವು ಹೇಳಿ ಕಳುಹಿಸಿದರೂ ಮೀನುಗಾರರು ಬಂದೇ ಬಂದರು. ಮಳೆಗೆ ಅಂಜುವವರು ನಾವಲ್ಲ ಎಂಬುದು ಅವರ ಉತ್ತರ. ಜಗಲಿಯ ಉದ್ದಕ್ಕೆ ಹಿಡಿಸಿದಷ್ಟೇ ಬಲೆಯನ್ನು ಕಟ್ಟಿ, ಒಂದು ತುದಿಯನ್ನು ದಡದಲ್ಲಿ ಬಿಟ್ಟು ಇನ್ನೊಂದು ತುದಿಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಕಡಲನ್ನು ಬಳಸಿ ತರುವ ಕ್ರಮವನ್ನು ಮಕ್ಕಳನ್ನೇ ನಿಲ್ಲಿಸಿ ತೋರಿಸಿದರು. ಮಧ್ಯದಲ್ಲಿ ಬಂಗಡೆಯಾಗಿ ಕುಳಿತ ಚಿಕ್ಕ ಮಕ್ಕಳು ತಪ್ಪಿಸಿಕೊಳ್ಳಲು ಯತ್ನಿಸಿದ್ದನ್ನು ಹೇಳದಿರಲಾರೆ. ಹಲವು ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿ ಒಂದು ರಂಪಣಿ ಆಗುತ್ತಿದ್ದದ್ದು, ಹಿಡಿದ ಮೀನಿನಲ್ಲಿ ತುಂಡಿನ ಲೆಕ್ಕದಲ್ಲಿ ಪಾಲು ಸಿಗುತ್ತಿದ್ದದ್ದು, 1970ರ ದಶಕದ ಕೊನೆಯಲ್ಲಿ ಮೀನಿನ ಗುಂಪನ್ನು ಕಡಲಿನಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ದೋಣಿಗಳು ಬಂದ ಮೇಲೆ ಆ ಕೂಡುಬಾಳು ಸಡಿಲಗೊಂಡದ್ದು, ಇವನ್ನೆಲ್ಲ ಅವರು ದುಃಖವನ್ನೂ ತೋರದೆ, ಹಿಂದಿನದನ್ನು ಹೊಗಳುತ್ತಲೂ ಕೂರದೆ ಹೇಳಿದರು. ಬೇಸಿಗೆಯಿಡೀ ನಡೆದ ಕಾರ್ಯಕ್ರಮಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ರಜೆಯಲ್ಲೂ ಬಂದು ಫಲಕಗಳ ಬರಹವನ್ನು ತಿದ್ದಿಕೊಟ್ಟ ಶಿಕ್ಷಕರಿಗೆ, ಬಾಗಿಲಲ್ಲಿ ನಿಂತು ಚಪ್ಪಲಿಗಳನ್ನು ಸಾಲಾಗಿ ಇರಿಸಿದ ಕಾಲೇಜು ವಿದ್ಯಾರ್ಥಿಗಳಿಗೆ, ಬಿಸಿಲಿನಲ್ಲಿ ಬಂದವರಿಗೆಲ್ಲ ಮುರುಗಲ ಪಾನಕ ಕೊಟ್ಟ ಮಹಿಳೆಯರಿಗೆ, ಬೆಂಚು ಮತ್ತು ಫ್ಯಾನುಗಳನ್ನು ಬಾಡಿಗೆಯಿಲ್ಲದೆ ಒದಗಿಸಿದವರಿಗೆ ನಮಸ್ಕಾರಗಳು.

ವಸ್ತುಗಳನ್ನು ಎರವಲು ಕೊಟ್ಟಿರುವವರು ನಾವು ನೀಡಿದ ಚೀಟಿಯೊಂದಿಗೆ ಬಂದು ಅವನ್ನು ಮರಳಿ ಪಡೆಯಬೇಕಾಗಿ ವಿನಂತಿ. ವಯಸ್ಸಾದವರು ಈ ಮಳೆಯಲ್ಲಿ ಬರುವುದು ಬೇಡ. ಹೇಳಿ ಕಳುಹಿಸಿದರೆ ನಾವೇ ಮನೆಗೆ ತಲುಪಿಸುತ್ತೇವೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬೇಲೇಕೇರಿಯ ಹಿರಿಯರು ಬಿಡುವು ಮಾಡಿಕೊಂಡು ಬಂದು ಬಲೆ ಹೆಣೆಯುವುದನ್ನು ಕಲಿಸಲು ಒಪ್ಪಿದ್ದಾರೆ. ಕಲಿಯಲು ಇಚ್ಛಿಸುವವರು ಮಾಡಿನ ಕೆಲಸ ಮುಗಿದ ಮೇಲೆ ಸಂಗ್ರಹಾಲಯದ ಜಗಲಿಗೆ ಬಂದು ಹೆಸರು ಬರೆಸಬಹುದು.