ಆಟಿಕೆಯ ಗೇರ್ ಮೇಲೆ ಮೂರು ನಂಬರ್ ಅಚ್ಚು ಹಾಕಿಸಿ

ಸಂಪಾದಕರಿಗೆ ನಮಸ್ಕಾರ.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು ನಾನು. ಈಗ ನಮ್ಮ ಬೀದಿಯ ಮಕ್ಕಳ ಆಟದ ಕಾರು, ಶಾಲೆಯ ಪ್ರಾಜೆಕ್ಟಿಗೆ ಮಾಡಿದ ರೋಬೊ, ಏನು ಕೆಟ್ಟರೂ ನನ್ನ ಹತ್ತಿರ ತರುತ್ತಾರೆ. ಹೆಚ್ಚಿನವುಗಳ ಕಥೆ ಒಂದೇ. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಮನೆಯವರು ಮೋಟರೇ ಹೋಯಿತು ಅಂದುಕೊಂಡು ಇಡೀ ಆಟಿಕೆಯನ್ನು ಕಸಕ್ಕೆ ಹಾಕುತ್ತಾರೆ. ಗುಂಯ್ ಅನ್ನುವ ಮೋಟರ್ ಚೆನ್ನಾಗಿಯೇ ಇರುತ್ತದೆ. ಅದರ ಶಾಫ್ಟಿನ (ತಿರುಗುವ ಕಡ್ಡಿಯ) ಮೇಲೆ ಬಿಗಿಯಾಗಿ ಕೂತಿರುವ ಕಾಳುಮೆಣಸಿನಷ್ಟು ಪ್ಲಾಸ್ಟಿಕ್ ಗೇರ್ ಹಲ್ಲಿನ ಬುಡದಲ್ಲಿ ಸೀಳು ಬಿಟ್ಟಿರುತ್ತದೆ, ಶಾಫ್ಟ್ ಅದರೊಳಗೆ ಸುಮ್ನೆ ತಿರುಗುತ್ತಿರುತ್ತದೆ.

ಮೊನ್ನೆ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಹೊಸ ಗೇರ್ ಹಿಡಿದುಕೊಂಡು ಬಂದಳು. ಅವರಪ್ಪ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದಾಗ ಹಳೆಯದನ್ನು ತೋರಿಸಿ, ಕಣ್ಣಳತೆಯಲ್ಲಿ ತಂದದ್ದು. ಹಾಕಿ ಓಡಿಸಿದರೆ ಬರೀ ಕರಕರ ಸದ್ದು. 'ತಾತ, ಎರಡೂ ಒಂದೇ ಸೈಜ್ ಇದಾವಲ್ಲ' ಅಂದಳು. ಅಳೆದು ನೋಡಿದೆ, ಹೌದು, ಎರಡರ ಹೊರ ಅಡ್ಡಳತೆಯೂ 6 ಮಿ.ಮೀ. ಆದರೆ ಹಲ್ಲು ಎಣಿಸಿದರೆ ಹಳೆಯದಕ್ಕೆ 10, ಹೊಸದಕ್ಕೆ 8.

ಇಲ್ಲೇ ಎಲ್ಲರೂ ಎಡವುವುದು. ಗೇರಿನ ಹಲ್ಲಿನ ಗಾತ್ರಕ್ಕೆ ಮಾಡ್ಯೂಲ್ ಅಂತ ಒಂದು ಅಳತೆ ಇದೆ. ಹೊರ ಅಡ್ಡಳತೆಯನ್ನು, ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ ಬಂದದ್ದರಿಂದ ಭಾಗಿಸಿದರೆ ಅದು ಸಿಗುತ್ತದೆ. ಹಳೆಯದು ಆರನ್ನು ಹನ್ನೆರಡರಿಂದ ಭಾಗಿಸಿದರೆ 0.5. ಹೊಸದು ಆರನ್ನು ಹತ್ತರಿಂದ ಭಾಗಿಸಿದರೆ 0.6. ಮಾಡ್ಯೂಲ್ ಬೇರೆಯಾದರೆ ಹಲ್ಲು ಹಲ್ಲಿಗೆ ಕೂರುವುದಿಲ್ಲ, ಎಷ್ಟು ಒತ್ತಿದರೂ ಅಷ್ಟೇ. ಚಿಕ್ಕ ಗೇರ್ ಅಳೆಯುವಾಗ ತಪ್ಪು ಜಾಸ್ತಿ ಆಗುತ್ತದೆ, ಹಲ್ಲು ಬೆಸ ಸಂಖ್ಯೆಯಲ್ಲಿದ್ದರಂತೂ ಕ್ಯಾಲಿಪರ್ (ಎರಡು ದವಡೆಯ ನಡುವೆ ಹಿಡಿದು ಅಳೆಯುವ ಸಾಧನ) ಕಡಿಮೆಯೇ ತೋರಿಸುತ್ತದೆ. ಅದಕ್ಕೇ ನಾನು ಅದರ ಜೊತೆ ಓಡುವ ದೊಡ್ಡ ಗೇರನ್ನೂ ಅಳೆಯುತ್ತೇನೆ. ಆ ಕಾರಿನದು 36 ಹಲ್ಲು, 19 ಮಿ.ಮೀ., ಲೆಕ್ಕ ಸರಿಯಾಗಿ 0.5ಕ್ಕೇ ಬಂತು. ಚಿಕ್ಕ ಗೇರ್ ಕಳೆದೇ ಹೋಗಿದ್ದರೂ ದಾರಿ ಇದೆ. ಎರಡು ಶಾಫ್ಟುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ, ಇಲ್ಲಿ 11.5 ಬಂತು. ಅದನ್ನು ಎರಡರಷ್ಟು ಮಾಡಿ 0.5ರಿಂದ ಭಾಗಿಸಿದರೆ 46, ಅದರಲ್ಲಿ ದೊಡ್ಡದರ 36 ಕಳೆದರೆ 10. ಹಳೆಯ ಗೇರನ್ನು ನೋಡದೆಯೇ ಅದಕ್ಕೆ ಎಷ್ಟು ಹಲ್ಲಿತ್ತು ಅಂತ ಆ ಹುಡುಗಿಯೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ಹೇಳಿದಳು, ನನಗೆ ಬಹಳ ಸಂತೋಷವಾಯಿತು.

ಮೂರನೆಯದು ತೂತು. ಆಟಿಕೆಗಳಲ್ಲಿ ಬರುವ 130 ಸೈಜಿನ ಮೋಟರಿಗೆ ಶಾಫ್ಟ್ 2 ಮಿ.ಮೀ. ಗೇರಿನ ತೂತು ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿದ್ದರೆ ಮಾತ್ರ ಹಿಡಿತ. ಪ್ಯಾಕೆಟ್ಟಿನಲ್ಲಿ ಬರುವ ಗೇರುಗಳಲ್ಲಿ ಸಾಮಾನ್ಯವಾಗಿ ಎ ಅಂತ ಬರೆದಿದ್ದರೆ ಬಿಗಿ ತೂತು, ಬಿ ಅಂದರೆ ಸಡಿಲ. ಇದು ಗೊತ್ತಿಲ್ಲದೆ ಬಿ ತಂದು, ನಿಲ್ಲಲಿಲ್ಲ ಅಂತ ಅಂಟು ಸುರಿಯುತ್ತಾರೆ, ಅಂಟು ಇಳಿದು ಮೋಟರೇ ಕಚ್ಚಿಕೊಳ್ಳುತ್ತದೆ.

ತೆಗೆಯುವಾಗ ಆಗುವ ಹಾನಿಯ ಬಗ್ಗೆಯೂ ಹೇಳಲೇಬೇಕು. ಸೀಳಿದ ಪ್ಲಾಸ್ಟಿಕ್ ಗೇರ್ ಕೈಯಲ್ಲೇ ಬರುತ್ತದೆ. ಹಿತ್ತಾಳೆಯದ್ದು ಬರುವುದಿಲ್ಲ, ಆಗ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಶಾಫ್ಟ್ ಬಾಗುತ್ತದೆ, ಇಲ್ಲವೇ ಮೋಟರಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಒಳಗಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಚಿಕ್ಕ ತುಂಡು) ಹಾಳಾಗುತ್ತದೆ. ಇದಕ್ಕೆಂದೇ ಚಿಕ್ಕ ಪುಲ್ಲರ್ ಸಿಗುತ್ತದೆ, ಗೇರನ್ನು ಹಿಡಿದು ಶಾಫ್ಟಿನ ತುದಿಯನ್ನು ಸ್ಕ್ರೂನಿಂದ ನಿಧಾನವಾಗಿ ತಳ್ಳುತ್ತದೆ. ಹೊಸದನ್ನು ಕೂರಿಸುವಾಗಲೂ ಅಷ್ಟೇ ಎಚ್ಚರ ಬೇಕು. ಮೋಟರಿನ ಹಿಂದೆ ಕಾಣುವ ಶಾಫ್ಟಿನ ತುದಿಗೆ ಕಬ್ಬಿಣದ ಆಸರೆ ಕೊಟ್ಟು ವೈಸಿನಲ್ಲಿ (ಸ್ಕ್ರೂ ತಿರುಗಿಸಿ ಬಿಗಿಹಿಡಿಯುವ ಉಪಕರಣದಲ್ಲಿ) ನೇರವಾಗಿ ಒತ್ತಬೇಕು, ಸುತ್ತಿಗೆ ಬೇಡ. ರಿಮೋಟ್ ಕಾರಿನ ದೊಡ್ಡ 540 ಮೋಟರಿನ ವಿಷಯ ಬೇರೆ, ಅದರ ಶಾಫ್ಟ್ 3.175 ಮಿ.ಮೀ., ಗೇರಿಗೆ ಪಕ್ಕದಲ್ಲಿ ಚಿಕ್ಕ ಅಲೆನ್ ಸ್ಕ್ರೂ ಇರುತ್ತದೆ. ಅಲ್ಲಿ 48 ಪಿಚ್ (ಇಂಚಿನ ಲೆಕ್ಕದಲ್ಲಿ ಹಲ್ಲಿನ ಅಳತೆ) ಅಂತ ಬರೆದಿದ್ದರೆ ಅದು 0.53 ಮಾಡ್ಯೂಲಿನ ಹತ್ತಿರ. ಕಣ್ಣಿಗೆ 0.5ರ ಹಾಗೇ ಕಂಡರೂ ಎರಡನ್ನೂ ಜೊತೆ ಮಾಡಬೇಡಿ, ಹಲ್ಲು ಬೇಗ ಸವೆಯುತ್ತದೆ.

ಈಗ ನನ್ನ ಮನವಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಮಕ್ಕಳ ಸುರಕ್ಷತೆಗೆ ಅದು ಒಳ್ಳೆಯದೇ. ಹಾಗೆಯೇ ದೊಡ್ಡ ಗೇರಿನ ಮೈಮೇಲೋ, ಮುಚ್ಚಳದ ಒಳಬದಿಯಲ್ಲೋ ಚಿಕ್ಕ ಗೇರಿನ ಮಾಡ್ಯೂಲ್, ಹಲ್ಲು, ತೂತು ಈ ಮೂರು ನಂಬರ್ ಅಚ್ಚು ಹಾಕಿದರೆ ಕಂಪನಿಗಳಿಗೆ ಏನು ಕಷ್ಟ? ಪ್ಲಾಸ್ಟಿಕ್ ಎರೆಯುವ ಮೋಲ್ಡ್ ಮಾಡುವಾಗ ಅದರಲ್ಲಿ ಒಂದು ಸಲ ಕೆತ್ತಿದರೆ ಮುಗಿಯಿತು. ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿದಾಗ ಕೃಷಿ ಯಂತ್ರ, ಮೊಬೈಲ್, ಗೃಹಬಳಕೆ ವಸ್ತು, ವಾಹನ ಎಂದು ನಾಲ್ಕು ವಿಭಾಗ ಗುರುತಿಸಿತ್ತು. ಆಟಿಕೆಯನ್ನೂ ಅದಕ್ಕೆ ಸೇರಿಸಬೇಕು. ಮಕ್ಕಳು ಮೊದಲು ಬಿಚ್ಚಿ ನೋಡುವುದು ಅದನ್ನೇ ಅಲ್ವಾ?

ಇನ್ನೊಂದು ಮಾತು ಶಾಲೆಗಳಿಗೆ. ಮಕ್ಕಳು ತಾವೇ ಮಾಡಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬಂದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಕಡೆ ಥ್ರೀಡಿ ಪ್ರಿಂಟರ್ ಇದೆ, ಗೇರನ್ನು ಅದರಲ್ಲೇ ಮಾಡಿಕೊಳ್ಳಬಹುದು ಅಂತ ಕೆಲವು ಮೇಷ್ಟ್ರು ನನಗೆ ಹೇಳಿದ್ದಾರೆ. ದೊಡ್ಡ ಗೇರ್ ಆದರೆ ಖಂಡಿತ ಆಗುತ್ತದೆ. ಆದರೆ 0.5 ಮಾಡ್ಯೂಲಿನ ಹಲ್ಲಿನ ಎತ್ತರ 1.1 ಮಿ.ಮೀ. ಚಿಲ್ಲರೆ, ಸಾಮಾನ್ಯ ಪ್ರಿಂಟರಿನ ನಳಿಕೆಯ ತೂತೇ 0.4, ಹಲ್ಲು ಗುಂಡುಗುಂಡಾಗಿ ಬರುತ್ತದೆ. ಅಂಥ ಗೇರಿಗೆ ಅಳೆದು ಕೊಂಡು ತರುವುದೇ ಸರಿ. ದಯವಿಟ್ಟು ಪ್ರತಿ ಲ್ಯಾಬಿನಲ್ಲೂ ಒಂದು ಒಳ್ಳೆಯ ಕ್ಯಾಲಿಪರ್, ಒಂದು ಚಿಕ್ಕ ಪುಲ್ಲರ್ ಇಡಿ.

ನಿಮ್ಮ ಮಕ್ಕಳ ಪುಟದಲ್ಲಿ ಜಾಗ ಕೊಟ್ಟರೆ ಈ ಲೆಕ್ಕವನ್ನು ಚಿತ್ರ ಸಮೇತ ಬರೆದು ಕಳಿಸುತ್ತೇನೆ. 10 ಹಲ್ಲಿನ ಬಿಗಿ ತೂತಿನ ಗೇರ್ ಹೋದ ವಾರ ಸಿಕ್ಕಿತು, ಹುಡುಗಿ ತಾನೇ ವೈಸ್ ತಿರುಗಿಸಿ ಕೂರಿಸಿದಳು, ಕಾರು ಓಡುತ್ತಿದೆ.

— ನಿವೃತ್ತ ಫಿಟ್ಟರ್, ತುಮಕೂರು